ನನ್ನ ಕೈಯಾರೆ ತೆರೆದ ಕಂಪ್ಯೂಟರ್

ಲ್ಯಾಪ್‌ಟಾಪ್ ಕೊಳ್ಳಲು ಹೋದವರು ಮೊದಲು ಪರದೆ ನೋಡುತ್ತಾರೆ. ನನಗೆ ಕಣ್ಣು ಕಾಣುವುದಿಲ್ಲ. ಆರನೆಯ ವಯಸ್ಸಿನಲ್ಲಿ ಬಂದ ಜ್ವರ ಬಿಟ್ಟು ಹೋಗುವಾಗ ನೋಟವನ್ನೂ ತೆಗೆದುಕೊಂಡು ಹೋಯಿತು. ಹಾಗಿದ್ದೂ ನಾನು ಎರಡು ವರ್ಷ ಕೂಡಿಟ್ಟ ಹಣವನ್ನು, ಕಲಬುರಗಿಯ ಆ ಅಂಗಡಿಯಲ್ಲಿದ್ದುದರಲ್ಲೇ ಎಲ್ಲಕ್ಕಿಂತ ಚಂದದ ಪರದೆಯಿದ್ದ ಲ್ಯಾಪ್‌ಟಾಪಿಗೆ ಸುರಿದೆ. ಇದನ್ನು ಕೇಳಿದವರು ಮೊದಲು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಅದನ್ನು ಮೊದಲ ಸಲ ತೆರೆದ ಭಾನುವಾರ ಬೆಳಿಗ್ಗೆಯನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಾನು ಕಮಲಾಪುರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮನೆ ಇರುವುದು ಕಲಬುರಗಿಯಲ್ಲಿ, ಐವಾನ್-ಎ-ಶಾಹಿ ಕಡೆ. ಬೆಳಿಗ್ಗೆ ಬಸ್ಸು ಹತ್ತಿದರೆ ಹೆಚ್ಚುಕಡಿಮೆ ಒಂದು ತಾಸಿನ ದಾರಿ. ಮಹಾಗಾಂವ ಬಂದಾಗ ಅರ್ಧ ಬಸ್ಸು ಇಳಿದು ಇನ್ನರ್ಧ ಹತ್ತುತ್ತದೆ. ಆ ಗದ್ದಲ ಕೇಳಿದ ಮೇಲೆ ನಾನು ಚೀಲ ತೊಡೆಯ ಮೇಲೆ ತೆಗೆದುಕೊಂಡು ಇಳಿಯಲು ಸಜ್ಜಾಗುತ್ತೇನೆ. ಮನೆಯ ಮಾತು ದಖನಿ, ಅಮ್ಮಿಗೆ ಓದಲು ಬರುವುದು ಉರ್ದು, ನನ್ನ ಅನ್ನ ಕನ್ನಡದ್ದು. ಮನೆಯಲ್ಲಿ ಆಡಿದ ಮಾತುಗಳನ್ನೂ ಇಲ್ಲಿ ನಮ್ಮೂರ ಕನ್ನಡದಲ್ಲೇ ಬರೆಯುತ್ತೇನೆ, ಓದುವವರಿಗೆ ಸುಲಭವಾಗಲಿ ಎಂದು.

ಅಬ್ಬಾ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಮೂವರು: ಅಮ್ಮಿ, ನಾನು, ನನಗಿಂತ ಒಂಬತ್ತು ವರ್ಷ ಚಿಕ್ಕವಳಾದ ತಂಗಿ. ತಂಗಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಮನೆಗೆ ಮೊದಲ ಲ್ಯಾಪ್‌ಟಾಪ್ ಬಂದಾಗ ಅದನ್ನು ತೆರೆದವಳು ಅವಳು. ಅದರಲ್ಲಿ ವಿಂಡೋಸ್ ಇತ್ತು. ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ಒಂದು ತಂತ್ರಾಂಶವನ್ನು ಅವಳೇ ಹುಡುಕಿ ಹಾಕಿಕೊಟ್ಟಳು. ಅದಕ್ಕೆ ಒಂದು ಪೈಸೆ ಕೊಡಬೇಕಾಗಿರಲಿಲ್ಲ. ಅದನ್ನು ಕಟ್ಟಲು ಶುರುಮಾಡಿದವರೂ ಕಣ್ಣು ಕಾಣದವರೇ ಎಂದು ಆಮೇಲೆ ತಿಳಿದಾಗ ನಾನು ಬೆರಗಾಗಿದ್ದೆ. ಎಲ್ಲೋ ದೂರದ ದೇಶದಲ್ಲಿ ನನ್ನಂಥವರು ಕೂತು ಬರೆದದ್ದು ಇಲ್ಲಿ ನನ್ನ ಕಿವಿಯಲ್ಲಿ ಮಾತಾಡುತ್ತಿದೆಯಲ್ಲ ಎಂದು.

ಆ ಯಂತ್ರದ ಕನ್ನಡ ಮಾತ್ರ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಆದರೂ ಹತ್ತು ವರ್ಷ ಅದರ ಜೊತೆ ಸಂಸಾರ ಮಾಡಿದೆ. ಪ್ರಶ್ನೆಪತ್ರಿಕೆ ಮಾಡಿದೆ, ಪಾಠದ ಟಿಪ್ಪಣಿ ಬರೆದೆ, ನನ್ನದೇ ಅಂತ ಸಣ್ಣಪುಟ್ಟ ಬರಹಗಳನ್ನೂ ಬರೆದೆ. ಹಳೆಯ ಕನ್ನಡ ಫೈಲುಗಳು ಬಂದರೆ ಮಾತ್ರ ಕಷ್ಟ. ಹಳೆಯ ಅಕ್ಷರ ವಿನ್ಯಾಸದಲ್ಲಿ ಟೈಪು ಮಾಡಿದ ಸುತ್ತೋಲೆಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅವು ಇಂಗ್ಲಿಷ್ ಚಿಹ್ನೆಗಳ ರಾಶಿ. ‘ಕನ್ನಡ’ ಎಂದು ಬರೆದಲ್ಲಿ ಅದು ‘ಪಿ, ಎ, ಪೌಂಡ್, ಎ...’ ಎಂದು ಓದುತ್ತಿತ್ತು. ಅಂಥವನ್ನೆಲ್ಲ ತಂಗಿ ಓದಿ ಹೇಳುತ್ತಿದ್ದಳು.

ಅವಳು ಮಾಡುತ್ತಿದ್ದುದು ಅಷ್ಟೇ ಅಲ್ಲ. ನಾನು ಟೈಪು ಮಾಡಿದ ಹಾಳೆಯ ಅಂಚು ಸರಿಪಡಿಸುವುದು, ಎರಡು ಸಾಲುಗಳ ನಡುವಿನ ಜಾಗ ಸರಿಪಡಿಸುವುದು, ಯಂತ್ರ ಬಾಯಿ ಬಿಡದೆ ಕೂತಾಗ ಏನಾಗಿದೆ ಎಂದು ನೋಡುವುದು, ಇವೆಲ್ಲ ಅವಳ ಪಾಲಿಗೆ. ನನ್ನ ಪಾಸ್‌ವರ್ಡ್‌ಗಳನ್ನು ಇಟ್ಟವಳೂ ಅವಳೇ. ಎಲ್ಲದರಲ್ಲೂ ಅವಳು ಹುಟ್ಟಿದ ದಿನ ಇರುತ್ತಿತ್ತು. ‘ನಿನ್ನದು ಇಟ್ಟರ ಯಾರರೆ ಕಂಡುಹಿಡೀತಾರ ಆಪಾ’ ಎನ್ನುತ್ತಿದ್ದಳು. ಆಪಾ ಎಂದರೆ ನಮ್ಮಲ್ಲಿ ಅಕ್ಕ. ಬ್ಯಾಂಕಿನದು, ಇ-ಮೇಲಿನದು, ಲ್ಯಾಪ್‌ಟಾಪಿನದು, ನನ್ನ ಬದುಕಿನ ಎಲ್ಲ ಬಾಗಿಲುಗಳ ಇನ್ನೊಂದು ಕೀಲಿಕೈ ಅವಳ ಹತ್ತಿರ ಇತ್ತು. ನನಗದು ಎಂದೂ ಭಾರವೆನಿಸಿರಲಿಲ್ಲ. ಕದ್ದು ಓದುವ ಜಾಯಮಾನ ಅವಳದ್ದಲ್ಲ.

ಅವಳ ನಿಶ್ಚಿತಾರ್ಥವಾದ ವಾರ ನನಗೊಂದು ವಿಚಿತ್ರ ಅನುಭವವಾಯಿತು. ಅವಳು ಹೋಗುತ್ತಾಳಲ್ಲ ಎಂಬ ಬಗ್ಗೆ ಏನೋ ಬರೆಯಬೇಕೆನಿಸಿತು. ಕೀಲಿಮಣೆಯ ಮೇಲೆ ಬೆರಳಿಟ್ಟೆ, ಒಂದು ಸಾಲೂ ಬರಲಿಲ್ಲ. ನಾಳೆ ಅಂಚು ಸರಿಪಡಿಸಲು ಫೈಲು ತೆರೆದವಳ ಕಣ್ಣಿಗೆ ಇದು ಬೀಳುತ್ತದೆ ಎನ್ನುವುದು ತಲೆಯೊಳಗೆ ಕೂತುಬಿಟ್ಟಿತ್ತು. ಮುಚ್ಚಿಟ್ಟು, ಟ್ರಂಕಿನಿಂದ ಬ್ರೈಲ್ ಹಲಗೆ ತೆಗೆದು, ದಪ್ಪ ಹಾಳೆ ಸಿಕ್ಕಿಸಿ, ಚಿಕ್ಕ ಮೊಳೆಯಂಥ ಕಡ್ಡಿಯಿಂದ ಬಲದಿಂದ ಎಡಕ್ಕೆ ಟುಕ್ ಟುಕ್ ಎಂದು ಚುಚ್ಚುತ್ತಾ ಕೂತೆ. ನಮ್ಮ ಮನೆಯಲ್ಲಿ ಬ್ರೈಲ್ ಬರುವುದು ನನಗೊಬ್ಬಳಿಗೇ. ಹುಡುಗಿಯಾಗಿದ್ದಾಗಿನ ನನ್ನ ದಿನಚರಿಗಳೆಲ್ಲ ಹಾಗೆ ಬರೆದವು. ಒಮ್ಮೆ ಅಮ್ಮಿ ಅದರಲ್ಲಿ ಎರಡು ಹಾಳೆಗಳನ್ನು, ಗಟ್ಟಿ ಕಾಗದ ಅಂತ, ಮಸಾಲೆ ಡಬ್ಬಿಗಳ ಕೆಳಗೆ ಹಾಸಿದ್ದಳು. ಅರಿಶಿನಕ್ಕೆ ಕೈ ಹಾಕಿದ ನನ್ನ ಬೆರಳಿಗೆ ಹದಿನೈದನೆಯ ವಯಸ್ಸಿನ ನನ್ನದೇ ಸಿಟ್ಟು ಸಿಕ್ಕಿತ್ತು.

ತಂಗಿಯ ಮದುವೆಯಾಯಿತು. ಹುಮನಾಬಾದಿಗೆ ಹೋದಳು. ನಾಲ್ಕು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಒಂದು ದಿನ ಶಾಲೆಯಿಂದ ಬಂದು ಲ್ಯಾಪ್‌ಟಾಪ್ ತೆರೆದರೆ ಮಾತೇ ಇಲ್ಲ. ಗುಂಡಿ ಒತ್ತಿದೆ, ಕಾದೆ, ಮತ್ತೆ ಒತ್ತಿದೆ. ಫ್ಯಾನು ಗುಯ್ ಎನ್ನುತ್ತಿತ್ತು, ಬಿಸಿಯಾಗುತ್ತಿತ್ತು, ಬದುಕಿದೆ ಎನ್ನುವುದಂತೂ ಕೈಗೆ ಗೊತ್ತಾಗುತ್ತಿತ್ತು. ಅಮ್ಮಿಯನ್ನು ಕರೆದು ಏನು ಕಾಣುತ್ತದೆ ಎಂದು ಕೇಳಿದೆ. ‘ನೀಲಿ ಬಣ್ಣ. ಬಿಳೀ ಅಕ್ಷರ. ಏನೋ ಗುಂಡಗ ತಿರುಗಾಕತ್ತದ’ ಎಂದಳು. ಇಂಗ್ಲಿಷ್ ಅವಳಿಗೆ ಬಾರದು. ಮೊಬೈಲಿನಲ್ಲಿ ತಂಗಿಗೆ ವಿಡಿಯೋ ಕಾಲ್ ಮಾಡಿದೆ.

‘ಆಪಾ, ಫೋನ್ ಎಡಕ್ಕ ಹಿಡಿ’ ಎಂದಳು.

ಹಿಡಿದೆ.

‘ಅಷ್ಟಲ್ಲ. ಈಗ ಬರೇ ಗ್ವಾಡಿ ಕಾಣಾಕತ್ತದ. ಸ್ವಲ್ಪ ಕೆಳಗ. ಇಲ್ಲ, ಈಗ ನಿನ್ನ ಮೊಣಕೈ.’

ಹೀಗೆ ಅರ್ಧ ತಾಸು. ಅಷ್ಟರಲ್ಲಿ ಅವಳ ಅತ್ತೆ ಕರೆದರು. ‘ಆಮೇಲೆ ಮಾಡ್ತೀನಿ ಆಪಾ’ ಎಂದು ಇಟ್ಟಳು. ಅವಳ ದನಿಯಲ್ಲಿ ಬೇಸರವಿರಲಿಲ್ಲ, ಅವಸರವಿತ್ತು. ಅದು ನನ್ನ ಮನಸ್ಸಿಗೆ ಹೆಚ್ಚು ನಾಟಿತು. ಅವಳಿಗೀಗ ಬೇರೆ ಮನೆ ಇದೆ, ಬೇರೆ ಕರೆಗಳಿವೆ. ಹುಮನಾಬಾದಿನಲ್ಲಿರುವ ಕಣ್ಣಿನಿಂದ ಕಲಬುರಗಿಯ ಪರದೆ ಓದಿಸುವುದು ಎಷ್ಟು ದಿನ ನಡೆದೀತು?

ಮರುದಿನ ಲ್ಯಾಪ್‌ಟಾಪನ್ನು ಸೂಪರ್ ಮಾರ್ಕೆಟ್ ಹತ್ತಿರ ಇರುವ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರು ಐವತ್ತು ದಾಟಿದವರು, ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು. ಅಬ್ಬಾನ ಪರಿಚಯದವರಾದ್ದರಿಂದ ನನ್ನನ್ನು ಚಿಕ್ಕಂದಿನಿಂದ ಬಲ್ಲರು.

‘ಟೀಚರಮ್ಮ, ಇದಕ್ಕ ವಯಸ್ಸಾಗ್ಯಾದ್ರಿ’ ಎಂದರು. ‘ಹೊಸ ವಿಂಡೋಸ್ ಇದಕ್ಕ ಜಗ್ಗಂಗಿಲ್ಲ. ಬ್ಯಾರೇ ಲ್ಯಾಪ್‌ಟಾಪ್ ತಗೋರಿ, ಇಲ್ಲಾ ನಾ ಇದರಾಗ ಲಿನಕ್ಸ್ ಹಾಕ್ಕೊಡ್ತೀನಿ. ಅದು ಹಗುರ, ಹಳೇ ಮಷೀನ್‌ನ್ಯಾಗೂ ಓಡ್ತದ. ರೊಕ್ಕ ಏನೂ ಇಲ್ಲ, ಪುಕ್ಕಟ.’

‘ಅದು ಮಾತಾಡ್ತದೇನ್ರಿ?’ ಎಂದೆ.

‘ಗೊತ್ತಿಲ್ರಿ. ನೋಡಿ ಹೇಳ್ತೀನಿ. ನಾಡದು ಬರ್ರಿ.’

ಮೂರನೆಯ ದಿನ ಹೋದಾಗ ಅವರು ನನ್ನ ಕೈಹಿಡಿದು ಸ್ಟೂಲಿನ ಮೇಲೆ ಕೂಡಿಸಿ, ನನ್ನ ಬೆರಳುಗಳನ್ನು ಮೂರು ಕೀಲಿಗಳ ಮೇಲೆ ಒಂದೊಂದಾಗಿ ಇಟ್ಟರು. ‘ಒತ್ರಿ’ ಎಂದರು. ಒತ್ತಿದೆ. ಸತ್ತೇ ಹೋಯಿತೆಂದುಕೊಂಡಿದ್ದ ನನ್ನ ಹಳೆಯ ಯಂತ್ರ ಬಾಯಿ ಬಿಟ್ಟಿತು. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಅವರು ಏನೋ ಬದಲಾಯಿಸಿದ ಮೇಲೆ ಕನ್ನಡದಲ್ಲಿ.

‘ನಿನ್ನೆ ಮಧ್ಯಾಹ್ನ ಅಂಗಡಿ ಬಾಗಿಲಾ ಮುಂದ ಮಾಡಿ, ಕಣ್ಣ ಮುಚ್ಚಿಕೊಂಡು ಒಂದ ತಾಸು ನಡಸಿ ನೋಡೀನ್ರಿ’ ಎಂದರು. ‘ಭಾಳ ತ್ರಾಸ ಆತು. ಎಲ್ಲಿ ಹೊಂಟೀನಿ ಅಂತ ತಿಳೀಲಿಲ್ಲ. ನೀವು ಹತ್ತು ವರ್ಷ ಇದನ್ನ ಹೆಂಗ್ ಮಾಡೀರಿ ತಾಯಿ?’

ಮೂವತ್ತು ವರ್ಷ ಯಂತ್ರಗಳ ಹೊಟ್ಟೆಯೊಳಗೆ ಕೈಯಾಡಿಸಿದ ಮನುಷ್ಯ ನನಗೋಸ್ಕರ ಕಣ್ಣು ಮುಚ್ಚಿ ಕೂತಿದ್ದರು ಎನ್ನುವುದೇ ನನಗೆ ಲಿನಕ್ಸಿಗಿಂತ ದೊಡ್ಡದಾಗಿ ಕಂಡಿತು. ಅವರು ಕೂಲಿಯೆಂದು ಕೇಳಿದ್ದು ಒಂದು ಚಹಾದಷ್ಟು.

ಲಿನಕ್ಸ್ ನನಗೆ ಹಿಡಿಸಿತು. ಅದರಲ್ಲೊಂದು ಸ್ವಾತಂತ್ರ್ಯವಿತ್ತು, ಒಂದು ಹಟವೂ ಇತ್ತು. ಕಲಿಸಿದ್ದನ್ನು ಒಪ್ಪುತ್ತಿತ್ತು, ಕಲಿಸದೇ ಇದ್ದದ್ದನ್ನು ತಾನಾಗಿ ಮಾಡುತ್ತಿರಲಿಲ್ಲ. ಆದರೆ ನನ್ನ ಹಳೆಯ ಯಂತ್ರದ ಧ್ವನಿಯ ಭಾಗವೇ ಸವೆದಿತ್ತು. ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಸ್ಪೀಕರು ಮೌನವಾಗುತ್ತಿತ್ತು. ನೋಡುವವರಿಗೆ ಸದ್ದು ಹೋದರೆ ಹಾಡು ನಿಲ್ಲುತ್ತದೆ ಅಷ್ಟೆ. ನನಗೆ ಸದ್ದು ಹೋಯಿತೆಂದರೆ ಪರದೆಯೇ ಹೋದಂತೆ. ಎರಡು ಸಲ ಅಂಗಡಿಗೆ ಹೋಗಿ ಬಂದೆ. ಮೂರನೆಯ ಸಲ ಅವರೇ ಹೇಳಿದರು, ‘ಮನಸ್ಸಿಗೆ ಸಮಾಧಾನ ಬೇಕಂದ್ರ ಈಗ ಹೊಸಾದು ತಗೋರಿ. ಇದನ್ನ ಮನ್ಯಾಗ ಇಟ್ಕೋರಿ.’

ಯಾವುದು ತೆಗೆದುಕೊಳ್ಳಬೇಕು ಎನ್ನುವುದು ಅಲ್ಲಿಂದ ಶುರುವಾಯಿತು. ದೃಷ್ಟಿ ಇಲ್ಲದ ಶಿಕ್ಷಕರದೊಂದು ವಾಟ್ಸಾಪ್ ಗುಂಪಿದೆ, ನಾನೂ ಅದರಲ್ಲಿದ್ದೇನೆ. ಅಲ್ಲಿ ಕೇಳಿದೆ. ಒಂದೇ ದಿನದಲ್ಲಿ ಅರವತ್ತು ಧ್ವನಿ ಸಂದೇಶಗಳು. ಕೆಲವರು ವಿಂಡೋಸೇ ಸಾಕು ಎಂದರು. ಇಲಾಖೆಯ ಕೆಲಸಕ್ಕೆ ಅದೇ ಸರಿ, ಅರ್ಧ ಬೆಲೆಗೆ ಒಳ್ಳೆಯ ಲ್ಯಾಪ್‌ಟಾಪ್ ಬರುತ್ತದೆ, ಓದುವ ತಂತ್ರಾಂಶ ಪುಕ್ಕಟೆ. ಇನ್ನೊಬ್ಬರು ಲಿನಕ್ಸ್ ಪಕ್ಷದವರು, ಅವರ ಮಾತಿನಲ್ಲಿ ಧರ್ಮಪ್ರಚಾರಕರ ಉತ್ಸಾಹವಿತ್ತು. ಧಾರವಾಡ ಕಡೆಯ ಒಬ್ಬ ಟೀಚರು ಮಾತ್ರ ಸಾವಕಾಶವಾಗಿ ಹೇಳಿದರು: ‘ನಾ ಮ್ಯಾಕ್ ಲ್ಯಾಪ್‌ಟಾಪ್ ತಗೊಂಡೆ. ರೊಕ್ಕ ಭಾಳ. ಆದ್ರ ಪೆಟಗಿ ಒಡದ ಕ್ಷಣದಿಂದ ಯಾರ ಕಣ್ಣೂ ಬೇಕಾಗಲಿಲ್ಲ. ಅದs ಮಾತಾಡ್ತು. ಕನ್ನಡ ದನಿನೂ ಅದರಾಗs ಅದ.’

ಆ ಸಂದೇಶವನ್ನು ನಾನು ಎಷ್ಟು ಸಲ ಕೇಳಿದೆನೋ. ‘ಯಾರ ಕಣ್ಣೂ ಬೇಕಾಗಲಿಲ್ಲ.’ ಈಚಿನ ವಿಂಡೋಸಿನಲ್ಲೂ ಹಾಗೆ ಮಾಡಬಹುದಂತೆ, ಅದು ನನಗೆ ಆಮೇಲೆ ತಿಳಿಯಿತು. ಆದರೆ ಅಂದು ನನ್ನ ಕಿವಿಗೆ ಬಿದ್ದದ್ದು ಅವರ ಮಾತು. ಮನಸ್ಸು ಅತ್ತ ಹೋಗಿಬಿಟ್ಟಿತು.

ಬೆಲೆ ಕೇಳಿದರೆ ಒಂದು ಲಕ್ಷಕ್ಕಿಂತ ಮೇಲೆ. ಕೈಗೆರಡು ಬಂಗಾರದ ಬಳೆ ಮಾಡಿಸಿಕೊಳ್ಳಬೇಕೆಂದು ನಾನು ಎರಡು ವರ್ಷದಿಂದ ಹಣ ಇಟ್ಟಿದ್ದೆ. ಬಳೆ ನನಗೆ ಇಷ್ಟ, ಅವುಗಳ ಸದ್ದು ಇಷ್ಟ. ಅಮ್ಮಿಗೆ ಅಳುಕುತ್ತಲೇ ವಿಷಯ ಹೇಳಿದೆ. ಅವಳು ಮೊರದಲ್ಲಿ ತೊಗರಿ ಬೇಳೆ ಹಸನು ಮಾಡುತ್ತಿದ್ದಳು. ಬೇಳೆಯ ಸದ್ದು ನಿಂತಿತು.

‘ಬಳಿ ಮುಂದಿನ ವರ್ಷ ಮಾಡ್ಸಿದ್ರಾತು’ ಎಂದಳು. ‘ಆದ್ರ ತಗೊಳ್ಳೂದ್ರಾಗ ಕೈಯಿಂದ ಮುಟ್ಟಿ ನೋಡಿ ತಗೋ. ಯಾರರೆ ಹೇಳ್ಯಾರಂತ ತಗೋಬ್ಯಾಡ.’

ಶನಿವಾರ ಮಧ್ಯಾಹ್ನ ಇಬ್ಬರೂ ಆಟೋದಲ್ಲಿ ಹೋದೆವು. ಅಂಗಡಿ ತಣ್ಣಗಿತ್ತು, ನೆಲ ನುಣ್ಣಗಿತ್ತು. ಮಾರಾಟದ ಹೆಣ್ಣುಮಗಳು ಬಂದವಳೇ ಅಮ್ಮಿಯ ಕಡೆ ತಿರುಗಿ, ‘ಅಮ್ಮಾ, ಇವ್ರಿಗಿ ಯಾವುದು ತೋರಿಸ್ಲಿ?’ ಎಂದಳು. ನನಗಿದು ಹೊಸದಲ್ಲ. ಹೋಟೆಲಿನಲ್ಲೂ ಹೀಗೆಯೇ, ‘ಇವ್ರು ಏನ್ ತಗೋತಾರ?’ ಎಂದು ಪಕ್ಕದವರನ್ನು ಕೇಳುತ್ತಾರೆ.

‘ನನಗ್ಯಾಕ ಕೇಳ್ತಿ?’ ಎಂದಳು ಅಮ್ಮಿ ತನ್ನ ಒಡಕು ಕನ್ನಡದಲ್ಲಿ. ‘ನನಗ ಮಿಕ್ಸರ್ ಬಿಟ್ಟು ಏನೂ ಗೊತ್ತಿಲ್ಲ. ಟೀಚರ್ ಅಕಿ. ಅಕಿಗಿ ಕೇಳು.’

ಹೆಣ್ಣುಮಗಳು ನಾಚಿಕೊಂಡಿರಬೇಕು. ನನ್ನ ಕೈ ಹಿಡಿದು ಮೇಜಿನ ಹತ್ತಿರ ಕರೆದೊಯ್ದಳು. ಮೊದಲು ಎರಡು ವಿಂಡೋಸ್ ಲ್ಯಾಪ್‌ಟಾಪ್‌ಗಳನ್ನು ಮುಟ್ಟಿದೆ. ಚೆನ್ನಾಗಿದ್ದವು. ಆಮೇಲೆ ಮ್ಯಾಕ್ ಮುಟ್ಟಿದೆ. ಲೋಹ ನೀರಿನಷ್ಟು ತಣ್ಣಗಿತ್ತು. ಅಂಚಿನುದ್ದಕ್ಕೂ ಬೆರಳು ಓಡಿಸಿದರೆ ಎಲ್ಲೂ ಒಂದು ಸಂದು ಸಿಗಲಿಲ್ಲ, ಒಂದು ತಿರುಪು ಸಿಗಲಿಲ್ಲ. ಮುಚ್ಚಳವನ್ನು ಒಂದೇ ಬೆರಳಿನಿಂದ ಎತ್ತಿದೆ. ಕೆಳಗಿನ ಭಾಗ ಅಲುಗಲಿಲ್ಲ. ಕೀಲಿಗಳ ನಡುವಿನ ಜಾಗ ಎಲ್ಲ ಕಡೆ ಒಂದೇ ಸಮ. ಯಾರೋ ಬೆರಳಿನಿಂದ ನೋಡುವವರು ಇದನ್ನು ತೀಡಿ ತೀಡಿ ಮಾಡಿದ್ದಾರೆ ಎನ್ನಿಸಿತು.

ಗುಂಪಿನಲ್ಲಿ ಹೇಳಿಕೊಟ್ಟಂತೆ ಒಂದು ಕೀಲಿ ಹಿಡಿದುಕೊಂಡು ಮೂಲೆಯ ಗುಂಡಿಯನ್ನು ಮೂರು ಸಲ ಒತ್ತಿದೆ. ಯಂತ್ರ ಇಂಗ್ಲಿಷಿನಲ್ಲಿ ಮಾತಾಡತೊಡಗಿತು. ಪಕ್ಕದಲ್ಲಿ ಟಿವಿಗೆ ಚೌಕಾಶಿ ಮಾಡುತ್ತಿದ್ದವರೂ ಹತ್ತಿರ ಬಂದು ನಿಂತರು.

‘ಅಯ್ಯ, ಇದು ಮಾತಾಡ್ತದಂತ ನಮಗs ಗೊತ್ತಿರ್ಲಿಲ್ರಿ ಮೇಡಮ್’ ಎಂದಳು ಆ ಹೆಣ್ಣುಮಗಳು. ‘ದಿನಾ ಇದರ ಧೂಳ ಒರಸ್ತೀನಿ. ಇನ್ನೊಮ್ಮಿ ತೋರಿಸ್ತೀರಿ?’

ತೋರಿಸಿದೆ. ಅವಳೂ ಒತ್ತಿ ನೋಡಿದಳು. ಮುಂದಿನ ಹತ್ತು ನಿಮಿಷ ಅಲ್ಲಿ ನಾನೇ ಅಂಗಡಿಯವಳು, ಅವಳೇ ಗಿರಾಕಿ. ಪೆಟ್ಟಿಗೆ ಕಟ್ಟುವಾಗ ಅವಳು, ‘ಇಲ್ಲೇ ತೆರೆದು ಎಲ್ಲಾ ಸೆಟ್ ಮಾಡಿ ಕೊಡ್ಲೇನ್ರಿ? ಪಾಸ್‌ವರ್ಡ್ ಹೇಳಿದ್ರ ಸಾಕು’ ಎಂದಳು. ಪಾಪ, ಒಳ್ಳೆಯ ಮನಸ್ಸಿನಿಂದ ಕೇಳಿದ್ದು. ‘ಬ್ಯಾಡ್ರಿ. ನಾನs ತೆರೀತೀನಿ’ ಎಂದೆ.

ಭಾನುವಾರ ಬೆಳಿಗ್ಗೆ ನಾಷ್ಟಾ ಮುಗಿಸಿ ಕೈ ತೊಳೆದು, ಒರೆಸಿ, ನನ್ನ ಕೋಣೆಯಲ್ಲಿ ಕೂತೆ. ಅಮ್ಮಿಗೆ ಒಳಗೆ ಬರಬೇಡ ಎಂದಿದ್ದೆ. ಪೆಟ್ಟಿಗೆಯ ಅಂಚಿನಲ್ಲಿ ಎಳೆಯಲು ಒಂದು ಕಾಗದದ ಪಟ್ಟಿ ಸಿಕ್ಕಿತು. ಎಳೆದೆ, ಸರ್ರನೆ ಬಂತು. ಮೇಲಿನ ಮುಚ್ಚಳ ಹಿಡಿದೆತ್ತಿದರೆ ತಳದ ಭಾಗ ಒಮ್ಮೆಲೇ ಬೀಳಲಿಲ್ಲ, ಉಸಿರು ಬಿಡುತ್ತಾ ಮೆಲ್ಲಗೆ ಇಳಿಯಿತು. ಯಂತ್ರವನ್ನು ಹೊರತೆಗೆದು ಮೇಜಿನ ಮೇಲಿಟ್ಟು ಮುಚ್ಚಳ ತೆರೆದೆ. ಗಂಭೀರವಾದ ಒಂದು ನಾದ ಬಂತು, ದೊಡ್ಡ ಕೋಣೆಯಲ್ಲಿ ಯಾರೋ ಹಾರ್ಮೋನಿಯಂನ ನಾಲ್ಕು ಮನೆ ಒಟ್ಟಿಗೆ ಒತ್ತಿದ ಹಾಗೆ.

ಆಮೇಲೆ ಮೌನ.

ಧಾರವಾಡದ ಟೀಚರು ಹೇಳಿದ್ದರು, ಏನೂ ಒತ್ತಬೇಡಿ, ಸುಮ್ಮನೆ ಕೂತಿರಿ ಎಂದು. ಕೂತೆ. ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಅಡುಗೆಮನೆಯಲ್ಲಿ ಅಮ್ಮಿ ಪಾತ್ರೆ ಇಟ್ಟ ಸದ್ದು. ಕೆಟ್ಟುಹೋಗಿದೆಯೇನೋ, ನಾನೇನೋ ತಪ್ಪು ಮಾಡಿದೆನೇನೋ ಎನ್ನಿಸಿತು. ಬೆರಳು ತಾನಾಗಿ ಮೊಬೈಲಿನತ್ತ ಹೋಯಿತು, ತಂಗಿಗೆ ಕರೆ ಮಾಡಲು.

ಆಗ ಅದು ಮಾತಾಡಿತು.

ಶಾಂತವಾದ ದನಿ. ಪರದೆಯಲ್ಲಿರುವುದನ್ನು ನಿನಗೆ ಓದಿ ಹೇಳಬೇಕೇ, ಬೇಕಿದ್ದರೆ ಈ ಕೀಲಿ ಒತ್ತು ಎಂಬಂಥ ಮಾತು, ಇಂಗ್ಲಿಷಿನಲ್ಲಿ. ನಾನು ಕೇಳಿರಲಿಲ್ಲ, ಯಾರೂ ಅದಕ್ಕೆ ಹೇಳಿರಲಿಲ್ಲ. ಎದುರಿಗೆ ಕೂತವಳಿಗೆ ಕಣ್ಣು ಕಾಣದೇ ಇರಬಹುದು ಎಂದು ಯಾವನೋ, ಯಾವಳೋ ಮೊದಲೇ ಯೋಚಿಸಿ, ಇಷ್ಟು ಹೊತ್ತು ಕಾದು ಕೇಳು ಎಂದು ಅದರೊಳಗೆ ಬರೆದಿಟ್ಟಿದ್ದರು. ಅದು ಸಾವಿರಾರು ಮೈಲಿ ದಾಟಿ ಬಂದು, ಕಲಬುರಗಿಯ ಈ ಕೋಣೆಯಲ್ಲಿ ನನ್ನನ್ನೇ ಕೇಳಿತು. ಹೋಟೆಲಿನಲ್ಲಿ, ಬ್ಯಾಂಕಿನಲ್ಲಿ, ಅಂಗಡಿಯಲ್ಲಿ ನನ್ನ ಪಕ್ಕದವರನ್ನು ಕೇಳುವ ಪ್ರಶ್ನೆಯನ್ನು ಇದು ನೇರ ನನಗೆ ಕೇಳಿತು. ನಾನು ಅತ್ತೆನೆಂದು ಹೇಳಲು ನಾಚಿಕೆಯಿಲ್ಲ.

ಒತ್ತಿದೆ. ಒಂದೊಂದೇ ಹೆಜ್ಜೆ. ದೇಶ ಯಾವುದು, ಭಾಷೆ ಯಾವುದು, ವೈಫೈ ಯಾವುದು. ಎಲ್ಲಿದ್ದೇನೆ, ಮುಂದೆ ಏನಿದೆ ಎಂದು ಅದು ಹೇಳುತ್ತಾ ಹೋಯಿತು, ನಾನು ಒತ್ತುತ್ತಾ ಹೋದೆ. ಬೆರಳಚ್ಚು ಕೇಳಿತು. ಬೆರಳಿಡು, ಎತ್ತು, ಮತ್ತೆ ಇಡು. ನನ್ನ ಅದೇ ಬೆರಳು, ಬ್ರೈಲ್ ಓದಿ ಓದಿ ತುದಿ ಸವೆದ ಬೆರಳು. ಮೊದಲು ಒಪ್ಪಲಿಲ್ಲ. ಇನ್ನೊಂದು ಬೆರಳು ಕೊಟ್ಟೆ, ಒಪ್ಪಿತು.

ಪಾಸ್‌ವರ್ಡ್ ಎಂದಿತು.

ನಾನು ಕೈ ತೊಡೆಯ ಮೇಲಿಟ್ಟು ಕೂತೆ. ನಲವತ್ತೆರಡು ವರ್ಷದ ಹೆಂಗಸಿಗೆ ತನ್ನದೇ ಆದ ಒಂದು ಗುಟ್ಟಿನ ಪದ ಹೊಳೆಯುತ್ತಿಲ್ಲ. ತಂಗಿಯ ಹುಟ್ಟಿದ ದಿನವೇ ಬೆರಳತುದಿಗೆ ಬರುತ್ತಿತ್ತು. ಬಹಳ ಹೊತ್ತಿನ ಮೇಲೆ ಒಂದು ಪದ ಬಂತು. ಅದನ್ನು ಎರಡು ಸಲ ಟೈಪು ಮಾಡಿದೆ. ಎರಡೂ ಹೊಂದಿಕೆಯಾದವು. ಈ ಜಗತ್ತಿನಲ್ಲಿ ಆ ಪದ ನನಗೊಬ್ಬಳಿಗೇ ಗೊತ್ತು ಎನ್ನುವುದು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

ಕೊನೆಗೆ ಕನ್ನಡದ ದನಿಯನ್ನು ಇಳಿಸಿಕೊಂಡೆ. ಪೆನ್ ಡ್ರೈವಿನಲ್ಲಿದ್ದ ನನ್ನದೊಂದು ಹಳೆಯ ಬರಹವನ್ನು ತೆರೆದು, ಓದು ಎಂದೆ. ಓದಿದ್ದು ಒಬ್ಬ ಹೆಂಗಸು. ಡಬ್ಬಿಯೊಳಗಿನ ದನಿಯಲ್ಲ. ಅಲ್ಪವಿರಾಮ ಬಂದಲ್ಲಿ ತಡೆದಳು, ಪ್ರಶ್ನೆ ಬಂದಲ್ಲಿ ದನಿ ಎತ್ತಿದಳು. ಹತ್ತು ವರ್ಷದಿಂದ ನಾನು ಬರೆದ ಕನ್ನಡ ಹೀಗೆ ಕೇಳಿಸುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ನಾಲ್ಕನೆಯ ಸಾಲಿನಲ್ಲಿ ಒಂದು ಒತ್ತಕ್ಷರ ತಪ್ಪಾಗಿತ್ತು. ಹಳೆಯ ದನಿಯಲ್ಲಿ ಅದು ಎಂದೂ ತಿಳಿದಿರಲಿಲ್ಲ. ತಿದ್ದಿದೆ.

ಅಷ್ಟರಲ್ಲಿ ಬಾಗಿಲ ಬಳಿ ಹೆಜ್ಜೆ. ‘ಯಾರು ಬಂದಾರ? ಚಹಾ ಇಡ್ಲೇನು?’ ಎಂದು ಅಮ್ಮಿ ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತಾ ಬಂದಳು. ಅವಳ ಬಳೆ ಸದ್ದಿನಿಂದ ನನಗದು ಗೊತ್ತಾಯಿತು.

‘ಯಾರೂ ಇಲ್ಲ ಅಮ್ಮಿ. ಇದs.’

ಅವಳು ಹತ್ತಿರ ಬಂದು ನಿಂತಳು. ಇನ್ನೊಮ್ಮೆ ಓದಿಸಿದೆ. ಕೇಳಿ ಮುಗಿದ ಮೇಲೆ, ‘ಅಲ್ಲಾ!’ ಎಂದು ಉಸಿರು ಬಿಟ್ಟು, ಯಂತ್ರದ ಬೆನ್ನಿನ ಮೇಲೆ ಕೈಯಾಡಿಸಿದಳು. ‘ಛಲೋ ಮನಿತನದ ಹೆಣ್ಮಗಳ ಮಾತಾಡಿದಂಗ ಅದ’ ಎಂದಳು. ಆದರೂ ಚಹಾ ಇಟ್ಟಳು. ಇಬ್ಬರೇ ಕುಡಿದೆವು.

ಆ ವಾರ ಯಂತ್ರವನ್ನು ಶಾಲೆಗೆ ಒಯ್ದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಬಂದು ಮುಟ್ಟಿ ನೋಡಿದರು. ಪರದೆ ನೋಡಿ ಅಬ್ಬಬ್ಬಾ ಎಂದರು. ಬಣ್ಣ ಎಂದರು, ಹೊಳಪು ಎಂದರು. ವಿಜ್ಞಾನದ ಮೇಷ್ಟ್ರು, ನನ್ನ ಹಳೆಯ ಗೆಳೆಯರಂಥವರು, ಸ್ವಲ್ಪ ತಡೆದು ಕೇಳಿದರು: ‘ಮೇಡಮ್, ತಪ್ಪ ತಿಳ್ಕೋಬ್ಯಾಡ್ರಿ. ನಿಮಗ ಇಷ್ಟ ಚಂದನ್ನ ಪರದಿ ಯಾಕ್ ಬೇಕಾಗಿತ್ರಿ?’

‘ಆರಿಸಿ ಇಡಾಕ್ರಿ’ ಎಂದೆ.

ಅವರು ನಕ್ಕರು, ನಾನು ತಮಾಷೆ ಮಾಡುತ್ತಿದ್ದೇನೆಂದು. ತಮಾಷೆಯಾಗಿರಲಿಲ್ಲ. ನಾಲ್ಕು ಕೀಲಿ ಒಟ್ಟಿಗೆ ಒತ್ತಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ, ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ. ಅವರ ಎದುರಿಗೇ ಆರಿಸಿ ತೋರಿಸಿದೆ. ಕತ್ತಲ ಪರದೆಯ ಮುಂದೆ ಕೂತು ನಾನು ಟೈಪು ಮಾಡತೊಡಗಿದೆ. ಮೇಷ್ಟ್ರು ಮೆಲ್ಲಗೆ, ‘ಹಂಗಾದ್ರ ನೀವು ಏನ್ ಬರದ್ರೂ ನಮಗ ಕಾಣಂಗಿಲ್ಲ’ ಎಂದರು.

‘ಇಲ್ರಿ, ಕಾಣಂಗಿಲ್ಲ.’

ಕಮಲಾಪುರದಲ್ಲಿ ಕರೆಂಟು ಹೋದರೂ ಸಂಜೆಯ ಬಸ್ಸಿನವರೆಗೆ ಬ್ಯಾಟರಿ ಬರುತ್ತದೆ. ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಪರದೆ ಆರಿಸಿ, ತೊಡೆಯ ಮೇಲಿಟ್ಟುಕೊಂಡು ಬರೆಯುತ್ತೇನೆ. ಪಕ್ಕದಲ್ಲಿ ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸೊಬ್ಬಳು ಒಮ್ಮೆ, ‘ಯವ್ವಾ, ನಿಮ್ಮದು ಚಾಲೂನs ಆಗಿಲ್ಲ ನೋಡ್ರಿ’ ಎಂದು ಕನಿಕರದಿಂದ ಹೇಳಿದಳು. ಎಲ್ಲವೂ ಸರಿಯಾಯಿತು ಎಂದಲ್ಲ. ಇಲಾಖೆಯ ಹಳೆಯ ಸುತ್ತೋಲೆಗಳು ಇಲ್ಲೂ ‘ಪಿ, ಎ, ಪೌಂಡ್’ ಎನ್ನುತ್ತವೆ. ಅವನ್ನು ಮೊದಲು ಶಾಲೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಬದಲಾಯಿಸಿಕೊಳ್ಳಬೇಕು. ಹಳೆಯ ಲ್ಯಾಪ್‌ಟಾಪಿಗೆ ರಿಪೇರಿಯವರು ಹೊರಗಿನಿಂದ ಒಂದು ಸ್ಪೀಕರು ಜೋಡಿಸಿ ಕೊಟ್ಟರು. ಅದರ ಲಿನಕ್ಸಿಗೆ ಉರ್ದು ಕೂಡ ಬರುತ್ತದೆ ಎಂದು ಅವರೇ ಕಂಡುಹಿಡಿದರು. ಅಮ್ಮಿಗೆ ಕಣ್ಣಿನ ಪೊರೆ ಶುರುವಾಗಿದೆ, ಸಣ್ಣ ಅಕ್ಷರ ಓದಲಾಗುವುದಿಲ್ಲ. ಬೆಳಿಗ್ಗೆ ಉರ್ದು ಪತ್ರಿಕೆಯನ್ನು ಅದು ಗೊಗ್ಗರು ದನಿಯಲ್ಲಿ ಓದಿದರೆ, ಅಮ್ಮಿ ಎದುರಿಗೆ ಕೂತು ಅದರ ಉಚ್ಚಾರ ತಿದ್ದುತ್ತಾಳೆ.

ಹಬ್ಬಕ್ಕೆ ತಂಗಿ ಬಂದಳು. ಬಂದ ಮರುದಿನ ಮಧ್ಯಾಹ್ನ ನನ್ನ ಕೋಣೆಯಲ್ಲಿ ಕೂತು, ರೂಢಿಯಂತೆ ಯಂತ್ರ ತೆರೆದು, ‘ಪಾಸ್‌ವರ್ಡ್ ಏನು ಆಪಾ?’ ಎಂದಳು.

ನಾನು ಈ ಪ್ರಶ್ನೆ ಬರುತ್ತದೆ ಎಂದು ಕಾಯುತ್ತಿದ್ದೆ, ಹೆದರುತ್ತಲೂ ಇದ್ದೆ.

‘ಹೇಳಂಗಿಲ್ಲ’ ಎಂದೆ.

ಮಂಚ ಕಿರ್ ಎಂದಿತು, ಎದ್ದು ಹೋಗುತ್ತಾಳೇನೋ ಎಂದುಕೊಂಡೆ. ಹೋಗಲಿಲ್ಲ. ನಾನು ಅವಳ ಪಕ್ಕ ಕೂತು ಬೆರಳಿಟ್ಟು ಯಂತ್ರವನ್ನು ತೆರೆದೆ. ಹೇಗೆ ಪೆಟ್ಟಿಗೆ ಒಡೆದೆ, ಎಷ್ಟು ಹೊತ್ತು ಕಾದೆ, ಅದು ಹೇಗೆ ಕೇಳಿತು, ಎಲ್ಲ ಹೇಳಿದೆ. ಪರದೆ ಆರಿಸುವುದನ್ನೂ ತೋರಿಸಿದೆ. ಅವಳು ಕತ್ತಲಾದ ಪರದೆಯನ್ನು ನೋಡುತ್ತಾ ಕೂತಿರಬೇಕು. ಆಮೇಲೆ ಕೇಳಿದಳು:

‘ಹಿಂಗ ಆರಿಸಿಟ್ಟು ಬರದ್ರ, ಹಿಂದ ನಿಂತವರಿಗೂ ಕಾಣಂಗಿಲ್ಲೇನು?’

‘ಯಾರಿಗೂ ಕಾಣಂಗಿಲ್ಲ.’

‘ನಮ್ಮ ಮನ್ಯಾಗ ಎಂಟ ಮಂದಿ’ ಎಂದಳು. ಅತ್ತೆಮನೆಯ ಬಗ್ಗೆ ಅವಳು ಹೇಳಿದ್ದು ಅಷ್ಟೇ. ‘ನನಗೂ ಕಲಸು ಆಪಾ.’

ನಾನು ಅವಳ ಹೆಸರಿನಲ್ಲಿ ಬೇರೆ ಖಾತೆಯೊಂದನ್ನು ತೆರೆದು, ಅವಳು ಪಾಸ್‌ವರ್ಡ್ ಇಡುವಾಗ ಕೋಣೆಯ ಆ ತುದಿಗೆ ಹೋಗಿ ನಿಂತೆ. ಆಮೇಲೆ ಅವಳ ಬೆರಳುಗಳನ್ನು ಹಿಡಿದು, ಉಬ್ಬು ಗೆರೆಯಿರುವ ಎರಡು ಕೀಲಿಗಳ ಮೇಲೆ ಇಟ್ಟೆ. ಅಲ್ಲಿಂದ ಉಳಿದವು ಎಷ್ಟು ದೂರ ಎಂದು ಹೇಳಿಕೊಟ್ಟೆ. ಕಣ್ಣು ಮುಚ್ಚು, ಕಿವಿಯಿಂದ ನೋಡು ಎಂದೆ. ಮೊದಲು ಎಡವಿದಳು, ನಕ್ಕಳು, ಸಿಟ್ಟಾದಳು. ಒಂದು ತಾಸಿನ ಹೊತ್ತಿಗೆ ಕೀಲಿಗಳ ಸದ್ದು ಸಮವಾಯಿತು. ಇಯರ್‌ಫೋನ್ ಅವಳ ಕಿವಿಯಲ್ಲಿತ್ತು. ಏನು ಬರೆಯುತ್ತಿದ್ದಾಳೆ ಎಂದು ನನಗೆ ಕೇಳಿಸುತ್ತಿರಲಿಲ್ಲ, ನಾನು ಕೇಳಲೂ ಇಲ್ಲ. ಮಂಚದ ಇನ್ನೊಂದು ಬದಿಯಲ್ಲಿ ಗೋಡೆಗೆ ಒರಗಿ, ಅವಳು ಬರೆಯುವ ಸದ್ದನ್ನು ಕೇಳುತ್ತಾ ಕೂತೆ.